ಕಾರಿನ ಒಡಲನ್ನು ಬಿಗಿಗೊಳಿಸಬಹುದೆ?

ಕಾರಿನ ಬಿಡಿಭಾಗಗಳ ಅಂಗಡಿಗಳಲ್ಲಿ ಬಣ್ಣ ಬಳಿದ ಉದ್ದನೆಯ ಲೋಹದ ಸರಳುಗಳನ್ನು ನೀವು ನೋಡಿರಬಹುದು. ಬಾನೆಟ್ ತೆರೆದು, ಎಂಜಿನ್ನಿನ ಮೇಲೆ ಎಡದಿಂದ ಬಲಕ್ಕೆ ಇವನ್ನು ಅಡ್ಡಲಾಗಿ ಬಿಗಿಯುತ್ತಾರೆ. ಇವುಗಳಿಗೆ ಸ್ಟ್ರಟ್ ಬಾರ್ ಎಂದು ಹೆಸರು. ಕಾರಿನ ಅಡಿಯಲ್ಲಿ ಜೋಡಿಸುವ ಇಂಥವೇ ಪಟ್ಟಿಗಳೂ ಉಂಟು. ಇವು ಕಾರಿನೊಡನೆ ಬರುವುದಿಲ್ಲ. ಕೊಂಡವರು ಆಮೇಲೆ ಹಾಕಿಸಿಕೊಳ್ಳುತ್ತಾರೆ. ಇದನ್ನು ಹಾಕಿದರೆ ಒಡಲು ಬಿಗಿಯಾಗುತ್ತದೆ, ತಿರುವಿನಲ್ಲಿ ಕಾರು ಹೇಳಿದಂತೆ ಕೇಳುತ್ತದೆ ಎಂಬುದು ಮಾರುವವರ ಮಾತು. ಅದು ಎಷ್ಟು ನಿಜ? ಉತ್ತರ ಕಂಡುಕೊಳ್ಳಲು ಪಿಯುಸಿ ಹಂತದ ಭೌತವಿಜ್ಞಾನವೇ ಸಾಕು.

ಪೆಟ್ಟಿಗೆಯಂಥ ಒಡಲು

ಲಾರಿಯ ಅಡಿಯಲ್ಲಿ ಏಣಿಯಂಥ ಉಕ್ಕಿನ ಚಾಸಿ ಇರುತ್ತದೆ. ಇಂದಿನ ಬಹುಪಾಲು ಕಾರುಗಳಲ್ಲಿ ಹಾಗೆ ಬೇರೆಯಾದ ಚಾಸಿ ಇಲ್ಲ. ನೆಲ, ಕಂಬಗಳು, ಛಾವಣಿ ಎಲ್ಲವೂ ಬೆಸುಗೆಯಿಂದ ಒಂದಾಗಿ ಭಾರ ಹೊರುವ ಪೆಟ್ಟಿಗೆಯಾಗಿರುತ್ತವೆ. ಇಟಲಿಯ ಲಾನ್ಸಿಯಾ ಲಾಂಬ್ಡಾ 1922ರಲ್ಲಿಯೇ ಈ ದಾರಿ ತೋರಿಸಿತ್ತು. ಎಂಜಿನ್ ಅಥವಾ ಸಸ್ಪೆನ್ಷನ್ನಿನ ತೋಳುಗಳನ್ನು ಹೊತ್ತು, ಒಡಲಿಗೆ ಬೋಲ್ಟುಗಳಿಂದ ಸೇರಿಕೊಳ್ಳುವ ಚಿಕ್ಕ ಚೌಕಟ್ಟಿಗೆ ಸಬ್‌ಫ್ರೇಮ್ ಎನ್ನುತ್ತಾರೆ.

ಒಂದು ಚಕ್ರ ಮಾತ್ರ ಉಬ್ಬಿನ ಮೇಲೆ ಹತ್ತಿದಾಗ ಈ ಪೆಟ್ಟಿಗೆ ತುಸು ತಿರುಚಿಕೊಳ್ಳುತ್ತದೆ. ಎಷ್ಟು ತಿರುಚುತ್ತದೆ ಎಂಬುದನ್ನು ಅಳೆಯಬಹುದು. ಹಿಂಭಾಗವನ್ನು ಕದಲದಂತೆ ಹಿಡಿದು, ಮುಂಭಾಗಕ್ಕೆ ಟಾರ್ಕ್ ಹಾಕಿ, ಒಂದು ಡಿಗ್ರಿ ತಿರುಚಲು ಎಷ್ಟು ನ್ಯೂಟನ್-ಮೀಟರ್ ಬೇಕಾಯಿತೆಂದು ನೋಡುತ್ತಾರೆ. ಇದೇ ತಿರುಚು ದೃಢತೆ.

ಒಂದು ಷೂ ಪೆಟ್ಟಿಗೆಯನ್ನು ಮುಚ್ಚಳ ತೆಗೆದು ಎರಡು ತುದಿ ಹಿಡಿದು ತಿರುಚಿ ನೋಡಿ. ಸಲೀಸಾಗಿ ತಿರುಚಿಕೊಳ್ಳುತ್ತದೆ. ಮುಚ್ಚಳವನ್ನು ಸುತ್ತಲೂ ಅಂಟಿಸಿ ಮತ್ತೆ ತಿರುಚಿ. ಈಗ ಅದು ಜಗ್ಗುವುದಿಲ್ಲ. ರಟ್ಟಿನ ದಪ್ಪ ಅಷ್ಟೇ ಇದೆ, ಬದಲಾದದ್ದು ಆಕಾರ. ಛಾವಣಿ ಇಲ್ಲದ ಕಾರುಗಳ ತಳಕ್ಕೆ ತಯಾರಕರೇ ಹೆಚ್ಚುವರಿ ಪಟ್ಟಿಗಳನ್ನು ಕೊಡುವುದು ಇದೇ ಕಾರಣಕ್ಕೆ.

ಇನ್ನೊಂದು ಅಂಶವನ್ನು ಗಮನಿಸಿ. ಗಟ್ಟಿತನ ಬೇರೆ, ದೃಢತೆ ಬೇರೆ. ಮುರಿಯದೆ ಎಷ್ಟು ಹೊರೆ ತಾಳುತ್ತದೆ ಎಂಬುದು ಗಟ್ಟಿತನ. ಹೊರೆಗೆ ಎಷ್ಟು ಕಡಿಮೆ ಬಾಗುತ್ತದೆ ಎಂಬುದು ದೃಢತೆ. ಸಾಧಾರಣ ಉಕ್ಕಾಗಲಿ, ದುಬಾರಿ ಅಧಿಕಬಲದ ಉಕ್ಕಾಗಲಿ, ಎರಡರ ಯಂಗ್ ಗುಣಾಂಕವೂ ಸುಮಾರು 200 ಗಿಗಾಪ್ಯಾಸ್ಕಲ್. ಅಲ್ಯೂಮಿನಿಯಮ್ಮಿನದು ಸುಮಾರು 70. ಆದ್ದರಿಂದ ಅದೇ ಅಳತೆಯ ಅಲ್ಯೂಮಿನಿಯಮ್ ಸರಳು ಉಕ್ಕಿನ ಸರಳಿಗಿಂತ ಹಗುರವಾದರೂ ಅದರ ದೃಢತೆ ಮೂರನೆಯ ಒಂದು ಭಾಗ ಮಾತ್ರ.

ಎರಡು ಸ್ಪ್ರಿಂಗುಗಳ ಲೆಕ್ಕ

ಮುಂದಿನ ಚಕ್ರಗಳಿಗೂ ಹಿಂದಿನ ಚಕ್ರಗಳಿಗೂ ನಡುವೆ ತಿರುಚುಬಲ ಸಾಗುವ ದಾರಿಯಲ್ಲಿ ಸಸ್ಪೆನ್ಷನ್ನಿನ ಸ್ಪ್ರಿಂಗುಗಳೂ ಇವೆ, ಒಡಲೂ ಇದೆ. ಒಡಲೂ ಒಂದು ಸ್ಪ್ರಿಂಗೇ. ಬಹಳ ಪೆಡಸಾದ ಸ್ಪ್ರಿಂಗು. ಇವು ಸರಣಿಯಲ್ಲಿ ಜೋಡಿಸಿದ ಸ್ಪ್ರಿಂಗುಗಳಂತೆ ವರ್ತಿಸುತ್ತವೆ.

ಲೆಕ್ಕಕ್ಕಾಗಿ ಸಸ್ಪೆನ್ಷನ್ನಿನ ದೃಢತೆ ಡಿಗ್ರಿಗೆ 1,000 ನ್ಯೂಟನ್-ಮೀಟರ್, ಒಡಲಿನದು 10,000 ಎಂದುಕೊಳ್ಳೋಣ. ಗುಣಲಬ್ಧವನ್ನು ಮೊತ್ತದಿಂದ ಭಾಗಿಸಿದರೆ ಒಟ್ಟು ದೃಢತೆ 909. ಈಗ ಒಡಲನ್ನು ಇಮ್ಮಡಿ ಬಿಗಿಗೊಳಿಸಿ 20,000 ಮಾಡಿದೆವೆನ್ನಿ. ಒಟ್ಟು 952. ಏರಿಕೆ ಶೇಕಡ 5ಕ್ಕೂ ಕಡಿಮೆ! ಆದರೆ ಪಂದ್ಯದ ಕಾರಿನಲ್ಲಿ ಸಸ್ಪೆನ್ಷನ್ ಬಹಳ ಪೆಡಸು. ಅಲ್ಲಿ 5,000 ಎಂದಿಟ್ಟುಕೊಂಡರೆ ಅದೇ ಇಮ್ಮಡಿಯಿಂದ ಒಟ್ಟು ದೃಢತೆ 3,333ರಿಂದ 4,000ಕ್ಕೆ, ಅಂದರೆ ಶೇಕಡ 20ರಷ್ಟು ಏರುತ್ತದೆ. ಪಂದ್ಯದ ಕಾರಿಗೆ ಲಾಭ ತಂದ ಭಾಗ ಮನೆಬಳಕೆಯ ಕಾರಿನಲ್ಲಿ ಗೊತ್ತೇ ಆಗದಿರುವುದು ಏಕೆಂದು ಈಗ ತಿಳಿಯಿತಲ್ಲವೆ? ಒಂದು ಸರಳಿನಿಂದ ಒಡಲಿನ ದೃಢತೆ ಇಮ್ಮಡಿಯಾಗುವುದೂ ಇಲ್ಲ.

ಬಲದ ದಾರಿಯಲ್ಲಿ

ಹಾಗಾದರೆ ಈ ಭಾಗಗಳೆಲ್ಲ ವ್ಯರ್ಥವೆ? ಅಲ್ಲ. ಅವು ಬಲ ಸಾಗುವ ದಾರಿಯಲ್ಲಿರಬೇಕು. ನಾಲ್ಕು ಕಡ್ಡಿಗಳನ್ನು ಮೂಲೆಗಳಲ್ಲಿ ಗುಂಡುಸೂಜಿಯಿಂದ ಜೋಡಿಸಿದ ಚೌಕ ಒತ್ತಿದೊಡನೆ ವಾಲುತ್ತದೆ. ಐದನೆಯ ಕಡ್ಡಿಯನ್ನು ಕರ್ಣವಾಗಿ ಜೋಡಿಸಿದರೆ ಅದು ತ್ರಿಕೋನಗಳಾಗಿ ನಿಲ್ಲುತ್ತದೆ.

ಅಮೆರಿಕದ ಫೋರ್ಡ್ ಮಸ್ಟಾಂಗ್ 1964ರಲ್ಲಿ ಬಂತು. ಅದರ ಮುಂಭಾಗದ ಸ್ಪ್ರಿಂಗುಗಳ ಮೇಲ್ತುದಿಯನ್ನು ಎಂಜಿನ್ನಿನ ಎರಡೂ ಪಕ್ಕದ ತಗಡಿನ ಗೋಪುರಗಳು ಹಿಡಿದಿರುತ್ತವೆ. ಅದೇ ಕಾರನ್ನು ಆಧರಿಸಿ 1965ರಲ್ಲಿ ಬಂದ ಶೆಲ್ಬಿ ಜಿಟಿ350ರಲ್ಲಿ ಗೋಪುರದಿಂದ ಗೋಪುರಕ್ಕೆ ಒಂದು ಸರಳು, ಎರಡು ಗೋಪುರಗಳಿಂದಲೂ ಎಂಜಿನ್ ಕೋಣೆಯ ಹಿಂಗೋಡೆಗೆ ಇನ್ನೊಂದು ಊರೆ ಇದ್ದವು. ಎರಡೂ ಸೇರಿ ತ್ರಿಕೋನ. ಅಡ್ಡ ಸರಳೊಂದೇ ಇದ್ದರೆ ಗೋಪುರಗಳು ಪರಸ್ಪರ ಹತ್ತಿರ ಸರಿಯುವುದನ್ನೂ ದೂರ ಸರಿಯುವುದನ್ನೂ ತಡೆದೀತು. ಎರಡೂ ಜೊತೆಯಾಗಿ ಒಂದೇ ಕಡೆಗೆ ವಾಲುವುದನ್ನು ತಡೆಯಲಾರದು.

ಆ ಮಸ್ಟಾಂಗಿನ ತಳದಲ್ಲಿ ಮುಂದಿನ ತೊಲೆಗಳೂ ಹಿಂದಿನ ತೊಲೆಗಳೂ ಒಂದನ್ನೊಂದು ಮುಟ್ಟುವುದಿಲ್ಲ. ನಡುವೆ ತೆಳುವಾದ ನೆಲದ ತಗಡು. ಸಬ್‌ಫ್ರೇಮ್ ಕನೆಕ್ಟರ್ ಎಂಬ ಚೌಕ ಕೊಳವೆಯಿಂದ ಎರಡನ್ನೂ ಬೆಸೆಯುವುದು ರೂಢಿ. ಕಡಿದುಹೋದ ದಾರಿಯನ್ನು ಕೂಡಿಸುವುದರಿಂದ ಇದು ನಿಜಕ್ಕೂ ಫಲ ಕೊಡುತ್ತದೆ.

ಬಲ ಮಾಯವಾಗುವುದಿಲ್ಲ

ಬಿಎಂಡಬ್ಲ್ಯು ಕಂಪನಿಯ 3 ಸರಣಿಯ ಇ46 ಮಾದರಿ 1998ರಲ್ಲಿ ಬಂತು. ಅದರ ಹಿಂದಿನ ಸಬ್‌ಫ್ರೇಮ್ ನಾಲ್ಕು ಕಡೆ ರಬ್ಬರ್ ಬುಷ್‌ಗಳ ಮೂಲಕ ಒಡಲಿನ ನೆಲಕ್ಕೆ ಕೂಡಿದೆ. ಡಿಫರೆನ್ಷಿಯಲ್ ಇರುವುದೂ ಅದರ ಮೇಲೆಯೇ. ಮೊದಲ ಗೇರಿನಲ್ಲಿ ಎಂಜಿನ್ನಿನ ಟಾರ್ಕ್ ಹತ್ತು ಪಟ್ಟಿಗೂ ಹೆಚ್ಚಾಗಿ ಚಕ್ರಕ್ಕೆ ತಲುಪುತ್ತದೆ. ಅದರ ಪ್ರತಿಕ್ರಿಯೆಯನ್ನು ಈ ನಾಲ್ಕು ತಾಣಗಳು ತಾಳಬೇಕು. ವೇಗ ಏರಿಸಿದಾಗ ಒಂದು ಕಡೆಗೆ, ಆಕ್ಸಿಲರೇಟರ್ ಬಿಟ್ಟಾಗ ಇನ್ನೊಂದು ಕಡೆಗೆ ಎಳೆತ. ತಂತಿಯನ್ನು ಹಿಂದೆಮುಂದೆ ಬಗ್ಗಿಸುತ್ತ ತುಂಡರಿಸುವಂತೆ, ಲೋಹದ ದಣಿವಿನಿಂದ ಹಲವಾರು ಕಾರುಗಳಲ್ಲಿ ಆ ತಗಡು ಬಿರುಕುಬಿಟ್ಟಿತು.

ಇದಕ್ಕೆ ಮಾರುಕಟ್ಟೆಯಲ್ಲಿ ಸಿಗುವ ಪರಿಹಾರ, ತಗಡಿಗೆ ಬೆಸೆಯುವ ಉಕ್ಕಿನ ಫಲಕಗಳು. ಬಲ ಅಷ್ಟೇ, ಅದು ಹರಡಿಕೊಳ್ಳುವ ಜಾಗ ಹೆಚ್ಚಿ ಪೀಡನ ತಗ್ಗುತ್ತದೆ. ಇದರ ಬದಲು, ಸಬ್‌ಫ್ರೇಮ್ ಅಲುಗದಿರಲೆಂದು ರಬ್ಬರ್ ಬುಷ್ ತೆಗೆದು ಅಲ್ಯೂಮಿನಿಯಮ್ ಬುಷ್ ಮಾತ್ರ ಹಾಕಿದರೆ? ಅಲುಗಾಟವೇನೋ ನಿಲ್ಲುತ್ತದೆ. ಆದರೆ ರಬ್ಬರ್ ನುಂಗುತ್ತಿದ್ದ ಹೊಡೆತ ನೇರವಾಗಿ ಅದೇ ತೆಳು ತಗಡಿಗೆ ಬೀಳುತ್ತದೆ. ಒಂದೆಡೆ ಬಿಗಿ ಮಾಡಿದರೆ ಪಕ್ಕದ ದುರ್ಬಲ ತಾಣಕ್ಕೆ ಹೊರೆ ವರ್ಗಾವಣೆಯಾಗುತ್ತದೆ.

ಸುರಕ್ಷತೆಯ ಮಾತೂ ಇದೆ. ಡಿಕ್ಕಿಯಾದಾಗ ಮುಂಭಾಗ ನಿಗದಿತ ರೀತಿಯಲ್ಲಿ ನಜ್ಜುಗುಜ್ಜಾಗಿ ಶಕ್ತಿಯನ್ನು ಹೀರಬೇಕು. ಅಲ್ಲಿ ಮನಬಂದಂತೆ ತೊಲೆ ಬೆಸೆದರೆ ಆ ಏರ್ಪಾಡು ಕೆಡಬಹುದು. ಅಧಿಕಬಲದ ಉಕ್ಕು ಬೆಸುಗೆಯ ಕಾವಿಗೆ ಗಟ್ಟಿತನ ಕಳೆದುಕೊಳ್ಳುವುದೂ ಉಂಟು. ನೋಂದಣಿ ಪತ್ರದ ವಿವರಗಳು ತಯಾರಕರು ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದಕ್ಕೆ ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ತಡೆಯಿದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಹಳೆಯ ಕಾರು ತೊನೆದಾಡುತ್ತಿದ್ದರೆ ಮೊದಲು ಸವೆದ ಬುಷ್, ಷಾಕ್ ಅಬ್ಸಾರ್ಬರ್ ಮತ್ತು ಟೈರುಗಳನ್ನು ಪರೀಕ್ಷಿಸುವುದು ಒಳ್ಳೆಯದು.

ತರಗತಿಯಲ್ಲಿ ಮುಚ್ಚಳವಿಲ್ಲದ ಷೂ ಪೆಟ್ಟಿಗೆಯನ್ನು ಮತ್ತೆ ತೆಗೆದುಕೊಳ್ಳಿ. ಬಾಯಿಗೆ ಅಡ್ಡಲಾಗಿ ಒಂದು ಬಿದಿರ ಪಟ್ಟಿಯನ್ನು ಅಂಟಿಸಿ ತಿರುಚಿ; ಆಮೇಲೆ ಅದನ್ನು ಕಿತ್ತು, ಮೂಲೆಯಿಂದ ಎದುರು ಮೂಲೆಗೆ ಕರ್ಣವಾಗಿ ಒಂದು ಪಟ್ಟಿಯನ್ನು ಅಂಟಿಸಿ ತಿರುಚಿ. ಯಾವುದು ಹೆಚ್ಚು ತಡೆಯುತ್ತದೆ, ಏಕೆ ಎಂದು ವಿದ್ಯಾರ್ಥಿಗಳೇ ಹೇಳಲಿ. ಅಂಗಡಿಯ ಸರಳಿನ ಬಗೆಗೂ ಕೇಳಬೇಕಾದ ಪ್ರಶ್ನೆಗಳು ಎರಡೇ: ಇದು ಯಾವ ಬಲದ ದಾರಿಯಲ್ಲಿದೆ? ಇಲ್ಲಿಂದ ಆ ಬಲ ಎಲ್ಲಿಗೆ ಹೋಗುತ್ತದೆ?