ಉಣ್ಣುವ ಮುನ್ನ ಪೂಜೆ ಬೇಡಿದ ಕಲ್ಲು

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲಿನ ಮುಂದೆ ನಿಂತಷ್ಟು ಹೊತ್ತು ನಾನು ಬೇರೆ ಯಾವ ಶಿಲ್ಪದ ಮುಂದೆಯೂ ನಿಂತಿಲ್ಲ. ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಕಡೆಯವನಾದ ನನಗೆ ವೀರಗಲ್ಲು ಹೊಸದಲ್ಲ. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಲಿಂಗ, ಪಕ್ಕದಲ್ಲಿ ಸೂರ್ಯಚಂದ್ರ: ಕಣ್ಣಿಗೆ ಪಾಠವಾಗಿ ಹೋಗಿದೆ. ಈ ಕಲ್ಲಿನಲ್ಲಿ ಮಾತ್ರ ಒಂದು ನಾಯಿ, ಒಂದು ಕಾಡುಹಂದಿ. ಒಂದರ ಮೇಲೊಂದು ಬಿದ್ದು ಕಾದಾಡುತ್ತಿವೆ. ಜೊತೆಗೆ ಹಳಗನ್ನಡದ ಸಾಲುಗಳು.

ಕಥೆ ಬಲ್ಲವರು ಬಲ್ಲರು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರ ನಿಂತ ಗಂಗರ ಇಮ್ಮಡಿ ಬೂತುಗ, ಆನೆಯ ಮೇಲಿದ್ದ ಚೋಳ ರಾಜಾದಿತ್ಯನನ್ನು ಕೊಂದ. ಅಲ್ಲಿ ತನ್ನ ಅನುಚರ ಮಣಲೇರ ತೋರಿದ ಕೆಚ್ಚಿಗೆ ಮೆಚ್ಚಿ, ಬೇಕಾದ್ದನ್ನು ಕೇಳು ಎಂದ. ಹೊನ್ನು ಕೇಳಬಹುದಿತ್ತು, ಆನೆ ಕುದುರೆ ಕೇಳಬಹುದಿತ್ತು. ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು! ಆಮೇಲೆ ಬೆಳತೂರಿನ ಗುಡ್ಡದಲ್ಲಿ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು. ಎರಡೂ ಒಟ್ಟಿಗೆ ಸತ್ತವು. ಅದರ ನೆನಪಿಗೆ ಈಗಿನ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನೆಟ್ಟರು. ಶಕವರ್ಷ 872, ಅಂದರೆ ಕ್ರಿ.ಶ. 949–50.

ಇತಿಹಾಸದ ಪುಸ್ತಕಗಳಿಗೆ ಈ ಶಾಸನ ಬೇಕಾಗಿರುವುದು ತಕ್ಕೋಲದ ಸುದ್ದಿಗಾಗಿ. ನನ್ನನ್ನು ಹಿಡಿದಿಟ್ಟದ್ದು ಕೊನೆಯ ಭಾಗ. ಕಲ್ಲಿಗೆ ಭೂಮಿ ಬಿಟ್ಟಿದ್ದಾರೆ. ಆ ಗುಡಿಯನ್ನು ನೋಡಿಕೊಳ್ಳುವ ಗೊರವ, ಅಂದರೆ ಶೈವ ಪೂಜಾರಿ, ಈ ಕಲ್ಲನ್ನು ಪೂಜಿಸದೆ ಉಂಡರೆ, ನಾಯಿ ಮಾಡಿದ ಪಾಪವೆಲ್ಲ ಅವನಿಗೆ ಸುತ್ತಿಕೊಳ್ಳುತ್ತದಂತೆ. ಮಣಲೇರನ ಪ್ರೀತಿಯನ್ನು ಇಲ್ಲಿ ಕಾಣಬೇಕು. ತನ್ನ ನಂತರವೂ ಕಾಳಿಯನ್ನು ದಿನಾ ಯಾರಾದರೂ ನೆನೆಯಬೇಕು. ಅದಕ್ಕೆ ಹಸಿವಿಗಿಂತ ಗಟ್ಟಿಯಾದ ಜಾಮೀನು ಇನ್ನೇನಿದೆ?

ಸತ್ತವರ ನೆನಪನ್ನು ಹೀಗೆ ನಿತ್ಯದ ಕೆಲಸಕ್ಕೆ ಗಂಟು ಹಾಕುವ ಇನ್ನೊಂದು ಸಂಪ್ರದಾಯ ಯಹೂದಿಗಳದು. ಮಗ ಯುದ್ಧದಲ್ಲಿ ಮಡಿದರೆ ಎಷ್ಟೋ ಕುಟುಂಬಗಳು ಅವನ ಹೆಸರಿನಲ್ಲಿ ತಮ್ಮ ಧರ್ಮಗ್ರಂಥವಾದ ತೋರಾದ ಸುರುಳಿಯೊಂದನ್ನು ಬರೆಸುತ್ತವೆ. ಚರ್ಮದ ಹಾಳೆಯ ಮೇಲೆ ಕೈಬರಹದಲ್ಲಿ 3,04,805 ಅಕ್ಷರ. ಕೊನೆಯ ಕೆಲವು ಅಕ್ಷರಗಳನ್ನು ಮನೆಯವರು, ಗೆಳೆಯರು ತುಂಬುತ್ತಾರೆ. ಸುರುಳಿಗೆ ತೊಡಿಸುವ ಮಖಮಲ್ಲಿನ ಹೊದಿಕೆಯ ಮೇಲೆ ಮಡಿದವನ ಹೆಸರನ್ನು ಕಸೂತಿ ಮಾಡಿಸುತ್ತಾರೆ. ಚಪ್ಪರದಡಿ ಮೆರವಣಿಗೆಯಲ್ಲಿ ಹಾಡುತ್ತ ಕುಣಿಯುತ್ತ ಸಿನಗಾಗ್‌ಗೆ ಒಯ್ಯುತ್ತಾರೆ. ಸೋಮವಾರ, ಗುರುವಾರ, ಶನಿವಾರ ತೋರಾ ಓದುವ ದಿನಗಳು. ಓದಲು ಆ ಸುರುಳಿಯನ್ನು ತೆಗೆದಾಗಲೆಲ್ಲ ಅವನ ಹೆಸರು ಜನರ ನಡುವೆ ಹಾದುಹೋಗುತ್ತದೆ.

ಮೊದಲ ಮಹಾಯುದ್ಧದಲ್ಲಿ ನಮ್ಮವರೂ ಈಗಿನ ಇಸ್ರೇಲ್ ನೆಲದಲ್ಲಿ ಕಾದಿದ್ದಾರೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದವರಲ್ಲಿ ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆ ಪಡೆಯವರು ಇದ್ದರು. ಜೋಧಪುರದವರು ಪಟ್ಟಣಕ್ಕೆ ನುಗ್ಗಿದರೆ ಇವರು ಕಾರ್ಮೆಲ್ ಬೆಟ್ಟ ಹತ್ತಿ ಫಿರಂಗಿಗಳ ಬಾಯಿ ಮುಚ್ಚಿಸಿದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ಸೆಪ್ಟೆಂಬರ್ ಬಂದಾಗ ಹೂಮಾಲೆ ಬೀಳುತ್ತದೆ. ಗೌರವ ದೊಡ್ಡದೇ, ಆದರೆ ವರ್ಷಕ್ಕೊಂದು ಮಾಲೆ ಸಾಲದು ಎಂದೇ ನನ್ನ ಅನಿಸಿಕೆ.

ಆತಕೂರಿನ ಕಲ್ಲಿಗೂ ಈಗ ಗೊರವನಿಲ್ಲ. ವಸ್ತುಸಂಗ್ರಹಾಲಯ ಅದನ್ನು ಮಳೆ ಬಿಸಿಲಿನಿಂದ ಉಳಿಸಿತು, ಒಪ್ಪುತ್ತೇನೆ. ಪೂಜೆಯಿಂದ ಬಿಡಿಸಿದ್ದೂ ಅದೇ.

ಊರಿನಲ್ಲೇ ಉಳಿದ ಕಲ್ಲುಗಳ ಮಾತು ಬೇರೆ. ಹಬ್ಬಕ್ಕೆ ಎಣ್ಣೆ, ಕುಂಕುಮ, ಒಂದು ಹೋಳು ಕಾಯಿ ಈಗಲೂ ಸಿಗುತ್ತದೆ. ಹೋಗಿರುವುದು ಹೆಸರು. ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಯಲ್ಲಿದ್ದಾಗ ಶಾಸನತಜ್ಞ ಬಿ.ಎಲ್. ರೈಸ್ ಇಲ್ಲಿನ ಶಾಸನಗಳನ್ನು ಓದಿಸಿ, 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಯಾರು ದನ ಬಿಡಿಸಲು ಹೋಗಿ ಸತ್ತರು, ಯಾರು ಊರಳಿವಿನಲ್ಲಿ ಬಿದ್ದರು ಎನ್ನುವುದು ಅಲ್ಲಿದೆ. ನಮ್ಮ ಹೋಬಳಿಯ ಮೇಷ್ಟ್ರುಗಳು ಆ ಸಂಪುಟ ತೆರೆದು, ತಮ್ಮೂರಿನ ಕಲ್ಲು ಅದರಲ್ಲಿ ಸಿಕ್ಕರೆ ಹೆಸರನ್ನು ಮಕ್ಕಳಿಗೆ ಬರೆದುಕೊಡಲಿ. ಮುಂದಿನ ಜಾತ್ರೆಗೆ ಎಣ್ಣೆ ಹಚ್ಚುವ ಪೂಜಾರಪ್ಪನ ಪಕ್ಕದಲ್ಲಿ ನಿಂತು ಮಗುವೊಂದು ಅದನ್ನು ಗಟ್ಟಿಯಾಗಿ ಓದಲಿ.