ತಿಂದಿಲ್ಲವೋ, ತಿನ್ನುತ್ತಿಲ್ಲವೋ? ಆಪರೇಷನ್‌ಗೆ ಮುಂಚಿನ ವ್ಯಾಕರಣ

‘ದ ಪೇಷೆಂಟ್ ಈಸ್ ನಾಟ್ ಈಟಿಂಗ್ ಸಿನ್ಸ್ ಮಿಡ್‌ನೈಟ್.’ ಕೇಸ್‌ಶೀಟಿನಲ್ಲಿ ನರ್ಸ್ ಹೀಗೆ ಬರೆದರೆ, ಅವರ ಮನಸ್ಸಿನಲ್ಲಿರುವುದು ಇಷ್ಟೇ: ರಾತ್ರಿ 12ರಿಂದ ರೋಗಿಯ ಹೊಟ್ಟೆಗೆ ಏನೂ ಬಿದ್ದಿಲ್ಲ, ಆಪರೇಷನ್‌ಗೆ ಸಿದ್ಧ. ಓದುವವರಿಗೆ ಬೇರೆಯದೇ ಅರ್ಥ ಹೊಳೆಯಬಹುದು: ರೋಗಿಗೆ ಊಟ ಸೇರುತ್ತಿಲ್ಲ, ಕೊಟ್ಟರೂ ತಿನ್ನುತ್ತಿಲ್ಲ. ಮೊದಲನೆಯದು ತಯಾರಿ, ಎರಡನೆಯದು ರೋಗಲಕ್ಷಣ. ‘ಹ್ಯಾಸ್ ನಾಟ್ ಈಟನ್’ ಎಂದು ತಿದ್ದಿದರೆ ಗೊಂದಲವೇ ಇರದು.

ಇಂಥ ತಪ್ಪನ್ನು ‘ಗ್ರಾಮರ್ ಮಿಸ್ಟೇಕ್’ ಎಂದು ಕೆಂಪು ಶಾಯಿಯಲ್ಲಿ ಗೀಚಿ ಮುಂದೆ ಹೋಗುವುದು ನಮ್ಮ ತರಗತಿಗಳ ರೂಢಿ. ಅಷ್ಟು ಸಾಲದು. ಕನ್ನಡ ಬಲ್ಲ ವಿದ್ಯಾರ್ಥಿನಿಯ ನಾಲಿಗೆಯ ಮೇಲೆ ಈ ವ್ಯತ್ಯಾಸ ಆಗಲೇ ಇದೆ. ತಿನ್ನಲಿಲ್ಲ, ತಿಂದಿಲ್ಲ, ತಿನ್ನುತ್ತಿಲ್ಲ, ತಿನ್ನುವುದಿಲ್ಲ – ಈ ನಾಲ್ಕರಲ್ಲಿ ಯಾವ ಹಳ್ಳಿಯ ಅಜ್ಜಿಯೂ ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸುವುದಿಲ್ಲ. ರಾತ್ರಿ ಊಟ ಕೊಟ್ಟಾಗ ತಿನ್ನಲಿಲ್ಲ, ಇಲ್ಲಿಯವರೆಗೂ ತಿಂದಿಲ್ಲ, ಈಚೆಗೆ ಸರಿಯಾಗಿ ತಿನ್ನುತ್ತಿಲ್ಲ, ಮಾಂಸ ತಿನ್ನುವುದಿಲ್ಲ. ‘ಡಿಡ್ ನಾಟ್ ಈಟ್’, ‘ಹ್ಯಾಸ್ ನಾಟ್ ಈಟನ್’, ‘ಈಸ್ ನಾಟ್ ಈಟಿಂಗ್’, ‘ಡಸ್ ನಾಟ್ ಈಟ್’ ಎಂಬುವುಗಳನ್ನು ಇವುಗಳ ಪಕ್ಕದಲ್ಲಿ ಬರೆದು ತೋರಿಸಿದರೆ, ಪುಟಗಟ್ಟಲೆ ಟೆನ್ಸ್ ಪಟ್ಟಿ ಬಾಯಿಪಾಠ ಮಾಡಿಸುವ ಕಷ್ಟ ತಪ್ಪುತ್ತದೆ.

ಎರಡು ಕಡೆ ಮಾತ್ರ ಕನ್ನಡದ ದಾರಿ ಇಂಗ್ಲಿಷಿಗೆ ಹೊಂದುವುದಿಲ್ಲ. ‘ಬೆಳಿಗ್ಗೆ 6ಕ್ಕೆ ಇಡ್ಲಿ ತಿಂದಿದ್ದಾರೆ’ ಎನ್ನುವುದು ನಮ್ಮಲ್ಲಿ ಸಹಜ. ಅದೇ ಜಾಡಿನಲ್ಲಿ ‘ಹ್ಯಾಸ್ ಈಟನ್ ಅಟ್ 6 ಎಎಂ’ ಎಂದು ಬರೆದುಬಿಡುತ್ತೇವೆ. ಗಂಟೆ ಹೇಳಿದ ಮೇಲೆ ಇಂಗ್ಲಿಷಿನಲ್ಲಿ ‘ಏಟ್ ಅಟ್ 6 ಎಎಂ’ ಎನ್ನಬೇಕು. ಇನ್ನೊಂದು ತೊಡಕು ಕರ್ತೃವಿನದು. ಯಾರು ಎಂದು ಹೇಳದೆಯೇ ‘ತಿಂಡಿ ತಿಂದಿದ್ದರಿಂದ ಡಾಕ್ಟರು ಆಪರೇಷನ್ ಮುಂದೂಡಿದರು’ ಎಂದರೆ ನಮಗೆ ಅರ್ಥವಾಗುತ್ತದೆ. ಇದೇ ವಾಕ್ಯವನ್ನು ‘ಹ್ಯಾವಿಂಗ್ ಈಟನ್ ಬ್ರೇಕ್‌ಫಾಸ್ಟ್, ದ ಸರ್ಜನ್...’ ಎಂದು ಶುರುಮಾಡಿದರೆ, ಇಂಗ್ಲಿಷ್ ವ್ಯಾಕರಣದ ಪ್ರಕಾರ ತಿಂಡಿ ತಿಂದವರು ಸರ್ಜನ್ನರೇ ಆಗುತ್ತಾರೆ. ‘ಬಿಕಾಸ್ ದ ಪೇಷೆಂಟ್ ಹ್ಯಾಡ್ ಈಟನ್’ ಎಂದು ರೋಗಿಯನ್ನು ವಾಕ್ಯದೊಳಕ್ಕೆ ತರಬೇಕು.

ಇಷ್ಟೊಂದು ಸೂಕ್ಷ್ಮ ಯಾಕೆ ಎಂದರೆ, ಅರಿವಳಿಕೆ ತಜ್ಞರು ನಿರ್ಧಾರ ಮಾಡುವುದು ಈ ಸಾಲುಗಳ ಮೇಲೆ. ಅರಿವಳಿಕೆಯಲ್ಲಿ ಕೆಮ್ಮಿ ಶ್ವಾಸನಾಳವನ್ನು ಕಾಪಾಡಿಕೊಳ್ಳುವ ಶಕ್ತಿ ದೇಹಕ್ಕೆ ಇರುವುದಿಲ್ಲ. ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ನ್ಯೂಯಾರ್ಕಿನ ವೈದ್ಯ ಕರ್ಟಿಸ್ ಮೆಂಡೆಲ್ಸನ್ 1946ರಲ್ಲಿ ಪ್ರಕಟಿಸಿದ ವರದಿಯಲ್ಲಿ 44,016 ಹೆರಿಗೆಗಳ ಪೈಕಿ 66ರಲ್ಲಿ ಹೀಗಾಗಿತ್ತು. ಘನ ಆಹಾರ ಉಸಿರು ಕಟ್ಟಿಸಿ ಇಬ್ಬರು ತೀರಿಕೊಂಡಿದ್ದರು. ಆಮೇಲೆ ‘ಮಧ್ಯರಾತ್ರಿಯಿಂದ ಏನೂ ಬೇಡ’ ಎಂಬ ಕಟ್ಟಪ್ಪಣೆ ಜಗತ್ತಿನ ವಾರ್ಡುಗಳಲ್ಲೆಲ್ಲ ಬೇರೂರಿತು. ಆದರೆ 1883ರಷ್ಟು ಹಿಂದೆಯೇ ಸರ್ಜನ್ ಜೋಸೆಫ್ ಲಿಸ್ಟರ್ ಘನ ಆಹಾರ ಬೇಡವೆಂದರೂ, ಅರಿವಳಿಕೆಗೆ ಎರಡು ಗಂಟೆ ಮೊದಲು ಒಂದು ಲೋಟ ಟೀ ಕೊಡುವುದು ಒಳ್ಳೆಯದೆಂದು ಬರೆದಿದ್ದರು. ಅಮೆರಿಕದ ಅರಿವಳಿಕೆ ತಜ್ಞರ ಸಂಘದ ಮಾರ್ಗಸೂಚಿಯೂ ಈಗ ಅಲ್ಲಿಗೇ ಬಂದಿದೆ. ಆರೋಗ್ಯವಂತರಿಗೆ, ಮೊದಲೇ ದಿನ ಗೊತ್ತುಮಾಡಿದ ಆಪರೇಷನ್‌ಗೆ, ನೀರು, ಹಾಲಿಲ್ಲದ ಕಾಫಿಯಂಥ ತಿಳಿದ್ರವ 2 ಗಂಟೆ ಮೊದಲಿನವರೆಗೆ. ತಾಯಿಯ ಹಾಲು 4. ಹಸುವಿನ ಹಾಲು, ಹಗುರ ತಿಂಡಿ 6. ಕರಿದದ್ದು, ಮಾಂಸ 8 ಗಂಟೆ ಅಥವಾ ಅದಕ್ಕೂ ಹೆಚ್ಚು.

ಈಗ ನಮ್ಮ ಆಸ್ಪತ್ರೆಯ ಮಾತಿಗೆ ಬರೋಣ. ‘ನಾಳೆ ಬೆಳಿಗ್ಗೆ ಊಟ ಮಾಡಬೇಡಿ’ ಎಂದರೆ ಊಟ ಬಿಟ್ಟು ತಿಂಡಿ ತಿಂದು ಬರುವವರಿದ್ದಾರೆ. ನಮಗೆ ಊಟವೆಂದರೆ ಅನ್ನ, ಮುದ್ದೆ, ರೊಟ್ಟಿ; ಇಡ್ಲಿ ಊಟವಲ್ಲ. ‘ಏನೂ ತಿನ್ನಬೇಡಿ’ ಎಂದರೆ ರಾಗಿ ಗಂಜಿ, ಮಜ್ಜಿಗೆ, ಹಾಲು ಹಾಕಿದ ಕಾಫಿ ಕುಡಿದು ಬರುತ್ತಾರೆ, ಕುಡಿದದ್ದು ತಿಂದಂತಾಗುವುದಿಲ್ಲವಲ್ಲ. ಇದು ರೋಗಿಯ ತಪ್ಪಲ್ಲ. ಹೇಳಿದ್ದನ್ನು ಅವರು ಚಾಚೂ ತಪ್ಪದೆ ಪಾಲಿಸಿದ್ದಾರೆ. ಇನ್ನೊಂದೆಡೆ, ಮಧ್ಯಾಹ್ನ 2ರ ಆಪರೇಷನ್‌ಗೆ ಬಂದ ವಯಸ್ಸಾದವರು ‘ರಾತ್ರಿ 12ರ ಮೇಲೆ ಏನೂ ಇಲ್ಲ’ ಎಂಬ ಒಂದೇ ಸಾಲಿಗೆ ಕಟ್ಟುಬಿದ್ದು 14 ಗಂಟೆ ಗುಟುಕು ನೀರಿಲ್ಲದೆ ಮಲಗಿರುತ್ತಾರೆ. ಇದು ನನಗೆ ಒಪ್ಪಿತವಲ್ಲ.

ವಿದೇಶಕ್ಕೆ ಹೊರಟ ನಮ್ಮ ನರ್ಸ್‌ಗಳು ಬರೆಯುವ ಒಇಟಿ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ 45 ನಿಮಿಷದಲ್ಲಿ ರೋಗಿಯ ಬಗ್ಗೆ ಪತ್ರ ಬರೆಯಬೇಕು. ಅದಕ್ಕೆಂದು ಕೋಚಿಂಗ್ ಸೇರುತ್ತಾರೆ, ವಾಕ್ಯವಾಕ್ಯವನ್ನೂ ತಿದ್ದಿಸಿಕೊಳ್ಳುತ್ತಾರೆ. ಊರಿನ ವಾರ್ಡಿನ ಸಾಲುಗಳಿಗೂ ಅಷ್ಟೇ ಕಾಳಜಿ ಸಲ್ಲಬೇಕು. ನರ್ಸಿಂಗ್ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ವ್ಯಾಕರಣದ ಪಾಠಕ್ಕೆ ರಾಮ–ಶಾಮರ ವಾಕ್ಯ ಬಿಟ್ಟು ಕೇಸ್‌ಶೀಟಿನ ವಾಕ್ಯ ತೆಗೆದುಕೊಳ್ಳಲಿ. ರೋಗಿಯ ಕೈಗೆ ಕೊಡುವ ಚೀಟಿಯಲ್ಲಿ ಆಸ್ಪತ್ರೆಯವರು ಕನ್ನಡದಲ್ಲೇ ಗಂಟೆ ಹಾಕಿ ಬರೆಯಲಿ: ‘ಇಡ್ಲಿ, ಗಂಜಿ, ಹಾಲು, ಹಾಲಿನ ಕಾಫಿ ಇಷ್ಟು ಗಂಟೆಯ ಮೇಲೆ ಬೇಡ, ನೀರು ಇಷ್ಟು ಗಂಟೆಯವರೆಗೆ ಕುಡಿಯಬಹುದು.’

ನಿಮ್ಮ ಮನೆಯವರು ಯಾರಾದರೂ ಆಪರೇಷನ್‌ಗೆ ಸೇರಿದ್ದರೆ, ಘನ ಆಹಾರ ಎಷ್ಟು ಗಂಟೆವರೆಗೆ, ನೀರು ಎಷ್ಟು ಗಂಟೆವರೆಗೆ ಎಂದು ಬೇರೆಬೇರೆಯಾಗಿ ಕೇಳಿ ಬರೆಸಿಕೊಳ್ಳಿ. ಸಕ್ಕರೆ ಕಾಯಿಲೆಯವರಿಗೆ, ಗರ್ಭಿಣಿಯರಿಗೆ ಲೆಕ್ಕ ಬೇರೆ ಇರಬಹುದು. ಡಾಕ್ಟರು ಹೇಳಿದ್ದೇ ಕೊನೆ. ಮತ್ತೆ, ಬೆಳಿಗ್ಗೆ ಒಂದು ಗುಟುಕು ಕಾಫಿ ಕುಡಿದಿದ್ದರೂ ಮುಚ್ಚಿಡದೆ ಹೇಳಿಬಿಡಿ.