ನೀಲಿ ಪಂಪು ಬೇಗ, ಕಂದು ಪಂಪು ನಿಧಾನ ಯಾಕೆ?

ಆಸ್ತಮಾ ಇರುವವರ ಮನೆಯಲ್ಲಿ ಸಾಮಾನ್ಯವಾಗಿ ಎರಡು ಪಂಪು ಇರುತ್ತವೆ. ಒಂದು ನೀಲಿ, ಒಳಗಿರುವುದು ಸಾಲ್ಬುಟಮಾಲ್. ಎಳೆದ ಕೆಲವೇ ನಿಮಿಷದಲ್ಲಿ ಎದೆ ಹಗುರ. ಇನ್ನೊಂದು ದಿನಾ ಎಳೆಯಬೇಕಾದ ಸ್ಟೀರಾಯ್ಡ್ ಪಂಪು, ಬ್ಯುಡೆಸೊನೈಡ್ ಅಥವಾ ಅದರ ಜಾತಿಯದು. ಎಳೆದ ಹೊತ್ತಿಗೆ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಮೊದಲು ಮೂಲೆ ಸೇರುವುದು ಇದೇ.

ಬೆಳಗೊಳದಲ್ಲಿರುವ ನಮ್ಮ ಸೋದರತ್ತೆ ಮಾಡಿದ್ದೂ ಅದನ್ನೇ. ಕೆಆರ್‌ಎಸ್ ಪಕ್ಕದ ಊರು. ಸುತ್ತ ನಾಲೆ, ಗದ್ದೆ, ಕಬ್ಬು. ಕಟಾವಾದ ಮೇಲೆ ಸೋಗೆಗೆ ಬೆಂಕಿ ಇಟ್ಟರೆ ಹೊಗೆ ನಡುಮನೆಗೇ ಬರುತ್ತೆ. ಜೊತೆಗೆ ಒಕ್ಕಣೆ ಧೂಳು, ಮಾಗಿಯ ಇಬ್ಬನಿ. ಅತ್ತೆ ಎರಡು ತಿಂಗಳು ಕಂದು ಪಂಪು ಮುಟ್ಟಿರಲಿಲ್ಲ. ಒಂದು ರಾತ್ರಿ ನೀಲಿ ಪಂಪು ಎಷ್ಟು ಎಳೆದರೂ ಉಸಿರು ಹತ್ತದೆ ಮೈಸೂರಿಗೆ ಓಡಬೇಕಾಯಿತು. ಆಮೇಲೆ ಯಾಕತ್ತೆ ಬಿಟ್ರಿ ಅಂದರೆ, "ಅದು ದಂಡ ಕಣ್ ಮಗ. ನೀಲಿದು ಎಳ್ಕಂಡ್ರೆ ಗಳಿಗೇಲಿ ಎದೆ ಬಿಟ್ಕತದೆ. ಇದು ಎಳ್ಕಂಡ್ರೂ ಒಂದೇ, ಬಿಟ್ರೂ ಒಂದೇ" ಅಂದರು.

ಅವರಿಗೆ ಕಂಡದ್ದನ್ನೇ ಅವರು ಹೇಳಿದ್ದು. ನೀಲಿ ಪಂಪಿನ ಔಷಧಿ ಶ್ವಾಸನಾಳದ ಸ್ನಾಯುವಿನ ಜೀವಕೋಶಕ್ಕೆ ಹೊರಗಿಂದಲೇ ಕೆಲಸ ಹೇಳುತ್ತೆ. ಬಿಗಿದ ಸ್ನಾಯು ಸಡಿಲವಾಗುತ್ತೆ, ಅಷ್ಟೇ. ಸ್ಟೀರಾಯ್ಡ್‌ಗೆ ಕೆಲಸ ಇರುವುದು ಜೀವಕೋಶದ ಒಳಗೆ, ಅದರೊಳಗಿನ ಕೋಶಕೇಂದ್ರದಲ್ಲಿ, ಡಿಎನ್‌ಎ ಇರುವ ಕೋಣೆಯಲ್ಲಿ. ಆ ಕೋಣೆಗೆ ಯಾರೂ ಸುಮ್ಮನೆ ನುಗ್ಗುವ ಹಾಗಿಲ್ಲ.

ಸ್ಟೀರಾಯ್ಡ್ ತೀರಾ ಚಿಕ್ಕ, ಜಿಡ್ಡಿನ ಸ್ವಭಾವದ ಅಣು. ಜೀವಕೋಶದ ಹೊರಪದರವನ್ನು ಸಲೀಸಾಗಿ ದಾಟುತ್ತೆ. ಒಳಗೆ ಅದಕ್ಕಾಗಿ ಒಂದು ಪ್ರೋಟೀನು ಕಾದಿರುತ್ತೆ. ಹೆಸರು ಗ್ಲುಕೋಕಾರ್ಟಿಕಾಯ್ಡ್ ರಿಸೆಪ್ಟರ್. ಇದು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಗುಂಪಿನದು, ಅಂದರೆ ಯಾವ ಜೀನ್ ಓದಬೇಕು, ಯಾವುದನ್ನು ಮುಚ್ಚಿಡಬೇಕು ಅಂತ ಹೇಳುವ ಮೇಸ್ತ್ರಿ. ಆದರೆ ಸ್ಟೀರಾಯ್ಡ್ ಬಂದು ಕೂರುವ ತನಕ ಮೇಸ್ತ್ರಿ ಹೊರಗೇ ಇರಬೇಕು. ಎಚ್‌ಎಸ್‌ಪಿ90 ಎಂಬ ಇನ್ನೊಂದು ಪ್ರೋಟೀನು, ತನ್ನ ಜೊತೆಗಾರರ ಸಮೇತ, ಅದನ್ನು ಹಿಡಿದಿಟ್ಟುಕೊಂಡಿರುತ್ತೆ. ಈ ಎಚ್‌ಎಸ್‌ಪಿ90 ಸಾಮಾನ್ಯದ್ದಲ್ಲ. ಮಲೇರಿಯಾ ಪರಾವಲಂಬಿಗೂ ಇದು ಬೇಕು. ಬೆಂಗಳೂರಿನ ಐಐಎಸ್‌ಸಿಯಲ್ಲಿ ಉತ್ಪಲ್ ಟಾಟು ಅವರ ತಂಡ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ.

ಸ್ಟೀರಾಯ್ಡ್ ಬಂದು ಕೂತ ಕೂಡಲೇ ರಿಸೆಪ್ಟರ್‌ನ ಆಕಾರ ಬದಲಾಗಿ, ಮರೆಯಲ್ಲಿದ್ದ ಒಂದು ಗುರುತು ಹೊರಗೆ ಕಾಣುತ್ತೆ. ಬೆಳಗೊಳ ಕೈಗಾರಿಕಾ ಪ್ರದೇಶದ ಫ್ಯಾಕ್ಟರಿ ಗೇಟಲ್ಲಿ ಜೇಬಿನೊಳಗಿದ್ದ ಐಡಿ ಕಾರ್ಡ್ ತೆಗೆದು ಕೊರಳಿಗೆ ಹಾಕಿಕೊಂಡ ಹಾಗೆ. ಈ ಗುರುತು ಕೆಲವೇ ಅಮೈನೊ ಆಮ್ಲಗಳ ಸಾಲು, ಹೆಚ್ಚಾಗಿ ಲೈಸಿನ್, ಆರ್ಜಿನಿನ್. 1984ರಲ್ಲಿ ಎಸ್‌ವಿ40 ಎಂಬ ವೈರಸ್ಸಿನ ಪ್ರೋಟೀನಿನಲ್ಲಿ ಇಂಥ ಏಳು ಅಮೈನೊ ಆಮ್ಲಗಳ ಸಾಲು ಸಿಕ್ಕಿತು. ಅದರಲ್ಲಿ ಒಂದೇ ಒಂದು ಲೈಸಿನ್ ಬದಲಿಸಿದರೆ ಇಡೀ ಪ್ರೋಟೀನು ಬಾಗಿಲ ಹೊರಗೇ ಉಳಿಯಿತು!

ಬಾಗಿಲು ಅಂದರೆ ಕೋಶಕೇಂದ್ರದ ಗೋಡೆಯಲ್ಲಿರುವ ರಂಧ್ರಗಳು. ಒಂದು ಜೀವಕೋಶದಲ್ಲೇ ಸಾವಿರಾರು ಇರಬಹುದು. ಒಂದೊಂದನ್ನೂ ಸುಮಾರು 30 ಬಗೆಯ ಪ್ರೋಟೀನು ಸೇರಿ ಕಟ್ಟಿರುತ್ತವೆ. ಒಳಗೆ ಜೊಂಡಿನ ಹಾಗೆ ತೊನೆಯುವ ಎಳೆಗಳು. ಸುಮಾರು 40 ಕಿಲೋಡಾಲ್ಟನ್‌ಗಿಂತ ಚಿಕ್ಕವು ಹೇಗೋ ನುಸುಳಿಬಿಡುತ್ತವೆ. ನಮ್ಮ ರಿಸೆಪ್ಟರ್ 90 ದಾಟಿದ ದಢೂತಿ, ನುಸುಳೋಕಾಗಲ್ಲ. ಅದಕ್ಕೇ ಇಂಪೋರ್ಟಿನ್ ಎಂಬ ಕರೆದೊಯ್ಯುವ ಪ್ರೋಟೀನುಗಳಿವೆ. ಅವು ಗುರುತು ನೋಡಿ, ಕೈ ಹಿಡಿದು, ಆ ಎಳೆಗಳ ನಡುವೆ ದಾಟಿಸುತ್ತವೆ. ಒಳಗೆ ರ‍್ಯಾನ್ ಎಂಬ ಪುಟ್ಟ ಪ್ರೋಟೀನು ಬಂದು ಇಂಪೋರ್ಟಿನ್‌ಗೆ ಅಂಟಿಕೊಂಡರೆ ಅದು ಸರಕು ಬಿಟ್ಟು ಹೊರಗೆ ವಾಪಸ್, ಮುಂದಿನವರನ್ನು ಕರೆತರಲು.

ಇಷ್ಟಕ್ಕೆ ಹಿಡಿಯುವುದು ಹೆಚ್ಚೆಂದರೆ ಅರ್ಧ ಗಂಟೆ. ತಡ ಆಗುವುದು ಆಮೇಲೆ. ಒಳಗೆ ಹೋದ ರಿಸೆಪ್ಟರ್ ಉರಿಯೂತ ಎಬ್ಬಿಸುವ ಜೀನ್‌ಗಳ ಸದ್ದಡಗಿಸಬೇಕು, ಉರಿಯೂತ ಇಳಿಸುವ ಜೀನ್‌ಗಳನ್ನು ಓದಿಸಬೇಕು. ಓದಿದ ಪ್ರತಿ ಅದೇ ರಂಧ್ರಗಳಿಂದ ಹೊರಬಂದು ಹೊಸ ಪ್ರೋಟೀನು ಆಗಬೇಕು. ಇದಕ್ಕೆ ಗಂಟೆಗಳು ಬೇಕು. ಊದಿಕೊಂಡ ಶ್ವಾಸನಾಳ ಇಳಿಯೋಕೆ ದಿನಗಳು, ವಾರಗಳು. ಸ್ಟೀರಾಯ್ಡ್ ಕಳಚಿಕೊಂಡರೆ ರಿಸೆಪ್ಟರ್ ಮೆಲ್ಲಗೆ ಹೊರಗೆ ಬಂದುಬಿಡುತ್ತೆ. ಅದಕ್ಕೇ ದಿನಾ ಎಳೆಯಬೇಕು ಅನ್ನುವುದು. ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು: ನೀಲಿ ಪಂಪಿನ ಔಷಧಿ ಹಿಡಿಯುವ ರಿಸೆಪ್ಟರ್ ಇದೆಯಲ್ಲ, ಅದರ ಜೀನನ್ನೂ ಸ್ಟೀರಾಯ್ಡ್ ಹೆಚ್ಚು ಓದಿಸುತ್ತೆ. ಅತ್ತೆ ದಂಡ ಅಂದ ಪಂಪು ನೀಲಿಯದಕ್ಕೇ ನೆಲ ಹದ ಮಾಡುತ್ತಿತ್ತು.

ಮದ್ದು ಮೊದಲು, ದಾರಿ ಆಮೇಲೆ ಗೊತ್ತಾದ ಕತೆ ಇದು. 1948ರಲ್ಲೇ ಅಮೆರಿಕದ ಫಿಲಿಪ್ ಹೆಂಚ್ ಕೀಲುವಾತದ ರೋಗಿಗೆ ಕಾರ್ಟಿಸೋನ್ ಕೊಟ್ಟರು, 1950ಕ್ಕೆ ನೊಬೆಲ್ ಬಂತು. ಮನುಷ್ಯರ ಈ ರಿಸೆಪ್ಟರ್‌ನ ಜೀನ್ ಕೈಗೆ ಸಿಕ್ಕಿದ್ದು 1985ರಲ್ಲಿ.

ಇದು ಅತ್ತೆಯೊಬ್ಬರ ಕತೆ ಅಲ್ಲ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಆಸ್ಪತ್ರೆಗೆ ಬಂದ 20 ಸಾವಿರ ಮಕ್ಕಳನ್ನು ನೋಡಿ ಲೆಕ್ಕ ಇಟ್ಟಿದ್ದರು: 1979ರಲ್ಲಿ ಆಸ್ತಮಾ ಶೇ. 9, 1999ರಲ್ಲಿ ಶೇ. 29.5. ಆ ಮಕ್ಕಳಲ್ಲಿ ಹಲವರು ಇವತ್ತು ನಿಮ್ಮ ಆಫೀಸಲ್ಲೇ ಬ್ಯಾಗಿನಲ್ಲಿ ಬರೀ ನೀಲಿ ಪಂಪು ಇಟ್ಟುಕೊಂಡು ಓಡಾಡುತ್ತಿರಬಹುದು. ದೊಡ್ಡವರಿಗೆ, ಹದಿಹರೆಯದವರಿಗೆ ಬರೀ ಅದೊಂದನ್ನೇ ನಂಬಿಸಬೇಡಿ ಅಂತ ಆಸ್ತಮಾದ ಜಾಗತಿಕ ಮಾರ್ಗಸೂಚಿ 'ಜಿನಾ' 2019ರಿಂದ ಹೇಳುತ್ತಿದೆ.

ಸ್ಟೀರಾಯ್ಡ್ ಅಂದರೆ ಹೆದರುವವರಿಗೆ ಒಂದು ಲೆಕ್ಕ. ಪಂಪಿನ ಒಂದು ಎಳೆತದಲ್ಲಿ 200 ಮೈಕ್ರೋಗ್ರಾಂ ಇದ್ದರೆ, ಪ್ರೆಡ್ನಿಸೊಲೋನ್‌ನ 5 ಮಿಲಿಗ್ರಾಂ ಮಾತ್ರೆಯಲ್ಲಿ ತೂಕಕ್ಕೆ ಅದರ 25ರಷ್ಟು. ಅದೂ ಪಂಪಿನದು ನೇರ ಶ್ವಾಸನಾಳಕ್ಕೆ, ಮಾತ್ರೆಯದು ಮೈಗೆಲ್ಲ. ಬಣ್ಣ ನಂಬಬೇಡಿ, ಕಂಪನಿಯಿಂದ ಕಂಪನಿಗೆ ಬೇರೆ ಇರುತ್ತೆ. ಔಷಧಿಯ ಹೆಸರು ಓದಿ. ಪ್ರಮಾಣ ಹೆಚ್ಚು ಕಮ್ಮಿ ಮಾಡುವುದು ಡಾಕ್ಟರ್ ಕೆಲಸ. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಫಂಗಸ್ ಬರುತ್ತೆ.